ಯೋಗವೂ ಕ್ಷೇಮವೂ: ಭಾರತ, ಚೀನಗಳ ಕಟ್ಟೋಣದ ಕಥೆ



ನಮ್ಮ ಹಿರಿಯರು ಕಾಗದ ಬರೆಯುವಾಗ, "ಇತ್ತ ನಾವೆಲ್ಲರೂ ಕ್ಷೇಮ, ನಿಮ್ಮ ಯೋಗಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಬೇಕು" ಎಂದು ಮೊದಲ ಸಾಲಿನಲ್ಲಿಯೇ ಬರೆಯುತ್ತಿದ್ದರು. ಬಾಯಿಪಾಠದಂತೆ ಬರುತ್ತಿದ್ದ ಈ ಮಾತಿನಲ್ಲಿ ಎರಡು ಪದಗಳು ಜೊತೆಗೂಡಿವೆ. ಇಲ್ಲದುದನ್ನು ಸಂಪಾದಿಸುವುದು ಯೋಗ. ಸಂಪಾದಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಕೆರೆಯನ್ನು ಕಟ್ಟಿಸುವುದು ಯೋಗ. ಕಟ್ಟಿಸಿದ ಕೆರೆಯ ಏರಿ ಒಡೆಯದಂತೆ, ತೂಬು ಹೂತುಹೋಗದಂತೆ ನೋಡಿಕೊಳ್ಳುವುದು ಕ್ಷೇಮ. ಪ್ರಜೆಗಳಿಗೆ ಇವೆರಡನ್ನೂ ಒದಗಿಸುವುದೇ ಆಳುವವರ ಕೆಲಸವೆಂದು ನಮ್ಮ ರಾಜನೀತಿಯ ಗ್ರಂಥಗಳು ಹೇಳುತ್ತ ಬಂದಿವೆ. ಈ ಹಳೆಯ ಅಳತೆಗೋಲನ್ನೇ ಹಿಡಿದು ನೆರೆಹೊರೆಯ ಎರಡು ದೊಡ್ಡ ರಾಷ್ಟ್ರಗಳನ್ನು, ಭಾರತವನ್ನೂ ಚೀನವನ್ನೂ, ಒಂದಿಷ್ಟು ಅಳೆದು ನೋಡೋಣವೆಂಬುದು ಈ ಭಾಷಣದ ಉದ್ದೇಶ.

ಬಸ್ಸಿನಲ್ಲಿ, ರೈಲಿನಲ್ಲಿ, ಮದುವೆಮನೆಯ ಚಪ್ಪರದಲ್ಲಿ ಈ ಮಾತನ್ನು ನೀವೂ ಕೇಳಿರುವಿರಿ: "ಚೀನದವರನ್ನು ನೋಡಿ, ಮೂರು ವರ್ಷಕ್ಕೆ ಸಾವಿರ ಮೈಲಿ ರೈಲುದಾರಿ ಹಾಕುತ್ತಾರೆ. ಅಲ್ಲಿ ಅಡ್ಡ ಬರುವವರಿಲ್ಲ, ಕೆಲಸ ಸಾಗುತ್ತದೆ. ನಮ್ಮಲ್ಲಿ ಊರಿಗೆ ನಾಲ್ಕು ಜನ ಪ್ರಶ್ನೆ ಕೇಳುವವರು. ಅದಕ್ಕೇ ಎಲ್ಲವೂ ನಿಂತಿದೆ." ಈ ಮಾತಿನಲ್ಲಿ ಎರಡು ಭಾಗಗಳಿವೆ. ಚೀನವು ವೇಗವಾಗಿ ಕಟ್ಟಿತೆಂಬುದು ಒಂದು. ಕೇಳುವವರ ಬಾಯಿ ಮುಚ್ಚಿದ್ದರಿಂದಲೇ ಕಟ್ಟಿತೆಂಬುದು ಇನ್ನೊಂದು. ಮೊದಲನೆಯದು ನಿಜ. ಎರಡನೆಯದು ನಿಜವೆ?

ಸಲ್ಲಬೇಕಾದ ಮನ್ನಣೆಯನ್ನು ಮೊದಲು ಸಲ್ಲಿಸಿಬಿಡೋಣ. ನಮಗೆ ಸ್ವಾತಂತ್ರ್ಯ ಬಂದುದು ೧೯೪೭ರಲ್ಲಿ. ಚೀನದಲ್ಲಿ ಹೊಸ ಗಣರಾಜ್ಯ ಸ್ಥಾಪನೆಯಾದುದು ೧೯೪೯ರಲ್ಲಿ. ಆಗ ನಮ್ಮ ದೇಶದಲ್ಲಿ ಸುಮಾರು ೫೪,೦೦೦ ಕಿಲೋಮೀಟರು ರೈಲುಮಾರ್ಗವಿದ್ದಿತು. ಚೀನದಲ್ಲಿ ಇದ್ದುದು ಸುಮಾರು ೨೨,೦೦೦ ಮಾತ್ರ. ಓಟ ಹೊರಟಾಗ ಇಮ್ಮಡಿಗಿಂತಲೂ ಮುಂದಿದ್ದವರು ನಾವು. ಇಂದು ನಮ್ಮ ಮಾರ್ಗದ ಉದ್ದ ಸುಮಾರು ೬೯,೦೦೦ ಕಿಲೋಮೀಟರು. ಚೀನದ್ದು ೨೦೨೪ರ ಕೊನೆಗೆ ೧,೬೨,೦೦೦ ಕಿಲೋಮೀಟರು. ಅದರಲ್ಲಿ ಅತಿವೇಗದ ಗಾಡಿಗಳ ದಾರಿಯೇ ೪೮,೦೦೦. ಬೀಜಿಂಗಿನಿಂದ ಶಾಂಘೈಗೆ ೧,೩೧೮ ಕಿಲೋಮೀಟರುಗಳ ಅತಿವೇಗದ ಮಾರ್ಗದ ಕೆಲಸ ೨೦೦೮ರ ಏಪ್ರಿಲಿನಲ್ಲಿ ಮೊದಲಾಗಿ ೨೦೧೧ರ ಜೂನ್ ತಿಂಗಳಲ್ಲಿ ಗಾಡಿಗಳು ಓಡಿದವು. ನಮ್ಮ ಮುಂಬಯಿ-ಅಹಮದಾಬಾದ್ ಮಾರ್ಗದ ಉದ್ದ ೫೦೮ ಕಿಲೋಮೀಟರು; ಅದಕ್ಕೆ ಅಡಿಗಲ್ಲು ಬಿದ್ದುದು ೨೦೧೭ರ ಸೆಪ್ಟೆಂಬರಿನಲ್ಲಿ; ೨೦೨೫ ಮುಗಿಯುವವರೆಗೂ ಅದರಲ್ಲಿ ಪ್ರಯಾಣಿಕರು ಕುಳಿತಿರಲಿಲ್ಲ.

ಉದ್ದವೊಂದೇ ಅಳತೆಯಲ್ಲವೆಂದು ನೀವು ಹೇಳಬಹುದು, ಅದೂ ಸರಿಯೆ. ನಾವು ಕಿರುಹಳಿಗಳನ್ನು ಕಿತ್ತು ಅಗಲಹಳಿಗಳನ್ನು ಹಾಕಿದೆವು, ಒಂಟಿದಾರಿಗಳನ್ನು ಜೋಡಿಮಾಡಿದೆವು, ಬಹುಪಾಲು ಮಾರ್ಗಕ್ಕೆ ವಿದ್ಯುತ್ ತಂತಿ ಎಳೆದೆವು. ೨೦೦೦ದ ಡಿಸೆಂಬರಿನಲ್ಲಿ ಮೊದಲಾದ ಗ್ರಾಮಸಡಕ್ ಯೋಜನೆಯಲ್ಲಿ ಏಳು ಲಕ್ಷ ಕಿಲೋಮೀಟರಿಗೂ ಮಿಕ್ಕ ಹಳ್ಳಿದಾರಿಗಳಾಗಿವೆ. ಇದೇನೂ ಸಣ್ಣ ಕೆಲಸವಲ್ಲ. ಆದರೂ ೧೯೯೦ರ ಸುಮಾರಿನಲ್ಲಿ ಹೆಚ್ಚುಕಡಮೆ ಒಂದೇ ಆಗಿದ್ದ ಎರಡು ದೇಶಗಳ ತಲಾವರಿ ಆದಾಯದಲ್ಲಿ ಇಂದು ಚೀನದ್ದು ನಮ್ಮದರ ಸುಮಾರು ಐದರಷ್ಟು ಇದೆಯೆಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ.

ಇದು ಹೇಗಾಯಿತು? ದಾರಿ ಹಾಕುವುದಕ್ಕೆ ಮೊದಲೇ ಚೀನದವರು ಹಾಕಿದ ತಳಪಾಯವೊಂದುಂಟು. ಹೊಸ ಗಣರಾಜ್ಯ ಹುಟ್ಟಿದಾಗ ಎರಡು ದೇಶಗಳಲ್ಲಿಯೂ ಐವರಲ್ಲಿ ಒಬ್ಬರಿಗೆ ಓದು ಬರುತ್ತಿದ್ದುದೇ ಹೆಚ್ಚು; ನಮ್ಮ ೧೯೫೧ರ ಜನಗಣತಿಯಲ್ಲಿ ಅಕ್ಷರಸ್ಥರು ನೂರಕ್ಕೆ ೧೮. ಅವರು ಊರೂರಿನಲ್ಲಿ ಪ್ರಾಥಮಿಕ ಶಾಲೆಯನ್ನೂ, ಸಾಧಾರಣ ತರಬೇತಿ ಪಡೆದ 'ಬರಿಗಾಲಿನ ವೈದ್ಯ'ರನ್ನೂ ಇಟ್ಟರು. ೨೦೧೧ರಲ್ಲಿ ನಾವು ನೂರಕ್ಕೆ ೭೪ನ್ನು ಮುಟ್ಟಿದೆವು. ೨೦೨೦ರ ಅವರ ಗಣತಿಯಲ್ಲಿ ಓದು ಬಾರದವರು ನೂರಕ್ಕೆ ಮೂವರಿಗಿಂತಲೂ ಕಡಮೆ. ಯಂತ್ರವನ್ನು ಹೊರಗಿನಿಂದ ತರಿಸಬಹುದು; ಅದರ ಮೇಲೆ ಬರೆದ ಸೂಚನೆಯನ್ನು ಓದಬಲ್ಲ ಕೈಗಳನ್ನು ತರಿಸಲಾಗದು.

ಎರಡನೆಯ ಕಾರಣ ನಿಮಗೆ ಆಶ್ಚರ್ಯವೆನಿಸಬಹುದು. ಚೀನದಲ್ಲಿ ಎಲ್ಲವೂ ಬೀಜಿಂಗಿನ ಅಪ್ಪಣೆಯಿಂದ ನಡೆಯುತ್ತದೆಂದು ನಾವು ತಿಳಿದಿದ್ದೇವೆ. ಅಧಿಕಾರಿಗಳನ್ನು ನೇಮಿಸುವುದು ಮೇಲಿನಿಂದಲೇ. ಆದರೆ ಸರ್ಕಾರದ ಒಟ್ಟು ವೆಚ್ಚದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗ ಖರ್ಚಾಗುವುದು ಪ್ರಾಂತ, ನಗರ, ಜಿಲ್ಲೆಗಳ ಸರ್ಕಾರಗಳ ಕೈಯಿಂದ. ನಗರದ ಆಡಳಿತಗಾರನ ಹತ್ತಿರ ಹಣವೂ ಇರುತ್ತದೆ, ನೆಲವೂ ಇರುತ್ತದೆ; ಕೆಲಸ ಮಾಡಿ ತೋರಿಸಿದರೆ ಬಡ್ತಿಯೂ ಬರುತ್ತದೆ. ನಮ್ಮಲ್ಲಿ ರಾಜ್ಯ ಸರ್ಕಾರಗಳು ಹೆಚ್ಚು ಖರ್ಚು ಮಾಡುವುದು ದಿಟವೇ; ಆದರೆ ರಾಜಧಾನಿಯಿಂದ ಕೆಳಗಿಳಿದು ಪುರಸಭೆಗೂ ಪಂಚಾಯತಿಗೂ ಮುಟ್ಟುವುದು ತೀರ ಸ್ವಲ್ಪ. ನಮ್ಮ ಕರ್ನಾಟಕದಲ್ಲಿ ಅಬ್ದುಲ್ ನಜೀರ್ ಸಾಬರು ೧೯೮೩ರ ಕಾಯಿದೆಯಿಂದ ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರವನ್ನು ಇಳಿಸಲು ಹೊರಟುದನ್ನೂ, ಊರೂರಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ 'ನೀರ್ ಸಾಬ್' ಎನಿಸಿಕೊಂಡುದನ್ನೂ ಹಿರಿಯ ವಾಚಕರು ಮರೆತಿರಲಾರರು. ೧೯೯೨ರ ಸಂವಿಧಾನ ತಿದ್ದುಪಡಿಗಳಿಂದ ಪಂಚಾಯತಿಗಳೂ ಪುರಸಭೆಗಳೂ ದೇಶಕ್ಕೆಲ್ಲ ಕಡ್ಡಾಯವಾದವು. ಚುನಾವಣೆಯೇನೋ ಊರಿಗೆ ಬಂದಿತು, ಹಣದ ಕೈಚೀಲ ಮಾತ್ರ ಬರಲಿಲ್ಲ.

ಮೂರನೆಯದು ನೆಲ. ಚೀನದ ನಗರಗಳ ನೆಲ ಸರ್ಕಾರದ ಸ್ವತ್ತು. ಹಳ್ಳಿಯ ನೆಲ ಸಾಮೂಹಿಕ ಸ್ವತ್ತು. ರೈತನಿಂದ ಅಗ್ಗವಾಗಿ ಪಡೆದು ದುಬಾರಿ ದರಕ್ಕೆ ಗುತ್ತಿಗೆ ಕೊಟ್ಟು ಆ ಹಣದಿಂದಲೂ, ಅದರ ಮೇಲೆ ಎತ್ತಿದ ಸಾಲದಿಂದಲೂ ಸ್ಥಳೀಯ ಸರ್ಕಾರಗಳು ಊರುಗಳನ್ನೇ ಎಬ್ಬಿಸಿದವು. ೨೦೨೧ರಿಂದ ಈಚೆಗೆ ಮನೆಗಳ ವ್ಯಾಪಾರ ಕುಸಿದು ಆ ಸಾಲದ ಹೊರೆ ಅಲ್ಲಿ ದೊಡ್ಡ ಚಿಂತೆಯಾಗಿದೆ.

ಹೀಗೆ ವೇಗಕ್ಕೆ ಕಾರಣಗಳು ಹಲವು: ಅಕ್ಷರ, ಆರೋಗ್ಯ, ಸ್ಥಳೀಯ ಹಣ, ಅಗ್ಗದ ನೆಲ. ಇವುಗಳಲ್ಲಿ ನೆಲವೊಂದರ ವಿಷಯದಲ್ಲಿ, ಬಾಯಿ ಮುಚ್ಚಿಸಿದ್ದರಿಂದ ಕೆಲಸ ಹಗುರವಾಯಿತೆನ್ನಬಹುದು. ಇನ್ನುಳಿದವಕ್ಕೂ ಬಾಯಿ ಮುಚ್ಚಿಸುವುದಕ್ಕೂ ಸಂಬಂಧವಿಲ್ಲ. ಬಾಯಿ ಮುಚ್ಚಿಸಿದ್ದರಿಂದ ಆದುದೇನೆಂಬುದನ್ನು ತಿಳಿಯಬೇಕಾದರೆ ಹಳದಿ ನದಿಯ ದಂಡೆಗೆ ಹೋಗಬೇಕು.

ಹಳದಿ ನದಿ ಆಗ ಹೊತ್ತು ತರುತ್ತಿದ್ದಷ್ಟು ಹೂಳನ್ನು ಲೋಕದ ಬೇರೆ ದೊಡ್ಡ ನದಿಗಳು ಹೊರುತ್ತಿರಲಿಲ್ಲ. ಅದಕ್ಕೆ ಸಾನ್‌ಮೆನ್‌ಶ್ಯಾ ಎಂಬಲ್ಲಿ ಭಾರಿ ಅಣೆಕಟ್ಟನ್ನು ಕಟ್ಟಲು ೧೯೫೭ರಲ್ಲಿ ತೊಡಗಿದರು. ನಕಾಶೆ ಸೋವಿಯತ್ ತಜ್ಞರದು. ಆ ವರ್ಷ ನಡೆದ ಸಭೆಯಲ್ಲಿ ಹ್ವಾಂಗ್ ವಾನ್‌ಲಿ ಎಂಬ ಪ್ರಾಧ್ಯಾಪಕರು ಎದ್ದು ನಿಂತು, ಈ ನದಿಯ ನೀರನ್ನು ತಡೆದರೆ ಹೂಳು ಜಲಾಶಯವನ್ನು ತುಂಬಿ ಮೇಲುಭಾಗದ ನೆಲವನ್ನು ಮುಳುಗಿಸುತ್ತದೆಂದು ವಾದಿಸಿದರು. ಕಟ್ಟಲೇಬೇಕೆಂದಿದ್ದರೆ ಅಡಿಯ ತೂಬುಗಳನ್ನಾದರೂ ಮುಚ್ಚದೆ ಬಿಡಿರಿ, ಮುಂದೆ ಹೂಳನ್ನು ಹೊರಡಿಸಲು ಬೇಕಾಗುತ್ತದೆಂದು ಬೇಡಿಕೊಂಡರು. ತೂಬುಗಳನ್ನು ಕಾಂಕ್ರೀಟು ಹಾಕಿ ಮುಚ್ಚಿದರು. ಪ್ರಾಧ್ಯಾಪಕರಿಗೆ 'ಬಲಪಂಥೀಯ'ನೆಂಬ ಹಣೆಪಟ್ಟಿ ಕಟ್ಟಿ ಅವರ ಬಾಯನ್ನೂ ಮುಚ್ಚಿದರು.

೧೯೬೦ರ ಸೆಪ್ಟೆಂಬರಿನಲ್ಲಿ ನೀರು ನಿಲ್ಲಿಸಿದರು. ಎರಡು ವರ್ಷ ತುಂಬುವುದರೊಳಗೆ ಹೂಳು ಜಲಾಶಯವನ್ನು ಆವರಿಸಿತು. ಉಪನದಿ ವೇಯ ಪಾತ್ರ ಮೇಲೇರಿ, ಪುರಾತನ ನಗರ ಶಿಯಾನಿಗೇ ಪ್ರವಾಹದ ಭಯ ಉಂಟಾಯಿತು. ಫಲವತ್ತಾದ ಭೂಮಿಯನ್ನು ಬಿಟ್ಟೆದ್ದ ಲಕ್ಷಾಂತರ ರೈತರು ಬರಡು ನೆಲದ ಪಾಲಾಗಿದ್ದರು. ಕೊನೆಗೆ ಸರ್ಕಾರವು ಅಣೆಕಟ್ಟನ್ನು ಮತ್ತೆ ಮತ್ತೆ ಮಾರ್ಪಡಿಸಿ, ಅಂದು ಮುಚ್ಚಿದ ಆ ಅಡಿತೂಬುಗಳನ್ನೇ ಅಪಾರ ವೆಚ್ಚದಿಂದ ಒಡೆದು ತೆರೆಯಬೇಕಾಯಿತು. ಹ್ವಾಂಗರ ಮೇಲಿನ ಹಣೆಪಟ್ಟಿ ಕಳಚಿದುದು ೧೯೮೦ರಲ್ಲಿ; ಆ ವೇಳೆಗೆ ಇಪ್ಪತ್ತಮೂರು ವರ್ಷಗಳು ಕಳೆದಿದ್ದವು.

ಅದಕ್ಕಿಂತಲೂ ಘೋರವಾದುದು ೧೯೭೫ರ ಆಗಸ್ಟಿನಲ್ಲಿ ನಡೆಯಿತು. ಹೆನಾನ್ ಪ್ರಾಂತದಲ್ಲಿ ಬಿರುಗಾಳಿಯೊಡನೆ ಸುರಿದ ಮಳೆಗೆ ಬಾನ್‌ಚ್ಯಾವ್ ಅಣೆಕಟ್ಟು ರಾತ್ರಿ ಒಡೆಯಿತು. ಅದರೊಡನೆ ಸಣ್ಣವೂ ದೊಡ್ಡವೂ ಸೇರಿ ಅರುವತ್ತಕ್ಕೂ ಮಿಕ್ಕ ಅಣೆಕಟ್ಟುಗಳು ಹೋದವು. ಸರ್ಕಾರದ ಲೆಕ್ಕದಲ್ಲಿಯೇ ಸತ್ತವರು ೨೬,೦೦೦. ಹಸಿವು, ಬೇನೆಗಳಿಂದ ಆಮೇಲೆ ಸತ್ತವರನ್ನು ಸೇರಿಸಿದರೆ ಅದರ ಹಲವು ಮಡಿ ಎನ್ನುತ್ತಾರೆ. ಆ ಪ್ರಾಂತದ ಅಣೆಕಟ್ಟುಗಳಿಗೆ ಹೆಚ್ಚು ತೂಬುಗಳಿರಬೇಕೆಂದು ಮೊದಲೇ ಎಚ್ಚರಿಸಿದ್ದ ಚೆನ್ ಶಿಂಗ್ ಎಂಬ ಜಲತಜ್ಞರನ್ನು ಪಕ್ಕಕ್ಕೆ ಸರಿಸಿದ್ದರು. ಇಷ್ಟು ದೊಡ್ಡ ದುರಂತದ ನಿಜವಾದ ವಿವರ ಬಹುಕಾಲ ಹೊರಲೋಕಕ್ಕೆ ತಿಳಿಯಲೇ ಇಲ್ಲ.

ಇದನ್ನು ಓದಿ, "ನಮ್ಮಲ್ಲಾದರೆ ಹೀಗಾಗುತ್ತಿರಲಿಲ್ಲ" ಎಂದು ನೀವು ಸಮಾಧಾನದ ಉಸಿರು ಬಿಡುವ ಮೊದಲು ಗುಜರಾತಿನ ಮೋರ್ವಿ ಪಟ್ಟಣವನ್ನು ನೆನೆಯಬೇಕು. ಬಾನ್‌ಚ್ಯಾವ್ ಒಡೆದ ನಾಲ್ಕೇ ವರ್ಷಕ್ಕೆ, ೧೯೭೯ರ ಆಗಸ್ಟ್ ೧೧ರಂದು, ಅಲ್ಲಿ ಮಚ್ಛೂ ನದಿಯ ಎರಡನೆಯ ಅಣೆಕಟ್ಟಿನ ಮಣ್ಣಿನ ಏರಿಗಳು ಕೊಚ್ಚಿಹೋದವು. ಕಟ್ಟಿದವರು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ನೀರು ಬಂದಿತ್ತು. ಪಟ್ಟಣವೇ ನೀರುಪಾಲಾಗಿ ಸಾವಿರಾರು ಜನ ಸತ್ತರು. ನಮ್ಮದು ಪ್ರಜಾರಾಜ್ಯ, ವಿಚಾರಣಾ ಆಯೋಗ ನೇಮಕವಾಯಿತು. ಆದರೆ ಅದು ತನ್ನ ವರದಿಯನ್ನು ಕೊಡುವುದಕ್ಕೆ ಮೊದಲೇ, ೧೯೮೧ರಲ್ಲಿ, ಸರ್ಕಾರವು ಅದನ್ನು ಮುಚ್ಚಿಬಿಟ್ಟಿತು. ಅದೇ ಮೋರ್ವಿಯಲ್ಲಿ, ಅದೇ ಮಚ್ಛೂ ನದಿಯ ಮೇಲೆ, ೨೦೨೨ರ ಅಕ್ಟೋಬರ್ ೩೦ರಂದು ತೂಗುಸೇತುವೆಯೊಂದು ಹರಿದುಬಿದ್ದು ೧೩೫ ಜನ ಮಡಿದರು. ಅವರಲ್ಲಿ ಮಕ್ಕಳು ಬಹಳ. ದುರಸ್ತಿಯಾಯಿತೆಂದು ತೆರೆದು ನಾಲ್ಕು ದಿನವಾಗಿದ್ದಿತು; ತನಿಖೆಯವರು ನೋಡಿದಾಗ ಹಗ್ಗದ ಸರಿಗೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ತುಕ್ಕು ಹಿಡಿದಿದ್ದವು. ಇಲ್ಲಿ ಯಾರ ಬಾಯನ್ನೂ ಮುಚ್ಚಿರಲಿಲ್ಲ. ಕೇಳಬೇಕಾದವರಿಗೆ ಕಿವಿಯಿರಲಿಲ್ಲ, ಅಷ್ಟೆ.

ಇನ್ನು ಎರಡೂ ದೇಶಗಳ ಎರಡು ಮಹಾ ಅಣೆಕಟ್ಟುಗಳನ್ನು ಹೋಲಿಸಿ ನೋಡಿ. ಯಾಂಗ್‌ತ್ಸೆ ನದಿಯ 'ಮೂರು ಕಮರಿ'ಗಳ ಅಣೆಕಟ್ಟಿನ ಪ್ರಸ್ತಾಪ ೧೯೯೨ರ ಏಪ್ರಿಲಿನಲ್ಲಿ ಚೀನದ ಮಹಾಸಭೆಗೆ ಬಂದಾಗ ೧,೭೬೭ ಮಂದಿ ಒಪ್ಪಿದರು. ೧೭೭ ಮಂದಿ ವಿರೋಧಿಸಿದರು. ೬೬೪ ಮಂದಿ ತಟಸ್ಥರಾದರು. ಹೇಳಿದುದಕ್ಕೆಲ್ಲ ಕೈಯೆತ್ತುವ ಸಭೆಯಲ್ಲಿ ಮೂರರಲ್ಲೊಂದು ಪಾಲು ಕೈಯೆತ್ತದಿದ್ದುದು ಸಾಮಾನ್ಯ ಸಂಗತಿಯಲ್ಲ. ಯೋಜನೆಯನ್ನು ಟೀಕಿಸುವ ಲೇಖನಗಳನ್ನು ೧೯೮೯ರಲ್ಲಿ ಪುಸ್ತಕವಾಗಿ ತಂದ ಪತ್ರಕರ್ತೆ ದಾಯ್ ಚಿಂಗ್ ಅದಾಗಲೇ ಸೆರೆಮನೆಯನ್ನು ಕಂಡುಬಂದಿದ್ದರು. ೧೯೯೪ರಲ್ಲಿ ಕೆಲಸ ಮೊದಲಾಯಿತು. ೨೦೧೨ಕ್ಕೆ ಯಂತ್ರಗಳೆಲ್ಲ ತಿರುಗಿದವು. ಶಕ್ತಿ ೨೨,೫೦೦ ಮೆಗಾವಾಟ್. ಮನೆಮಠ ಬಿಟ್ಟವರು ಹನ್ನೆರಡು ಲಕ್ಷಕ್ಕೂ ಮಿಕ್ಕಿದ ಜನ. ೨೦೧೧ರ ಮೇ ತಿಂಗಳಲ್ಲಿ ಚೀನ ಸರ್ಕಾರವೇ, ನೆಲೆಗೆಟ್ಟವರ ಬಾಳು, ದಡಗಳ ಕುಸಿತ, ಪರಿಸರ ಇವುಗಳಲ್ಲಿ ತುರ್ತಾಗಿ ಸರಿಪಡಿಸಬೇಕಾದ ತೊಂದರೆಗಳಿವೆಯೆಂದು ಒಪ್ಪಿಕೊಂಡಿತು.

ನಮ್ಮ ನರ್ಮದೆಯ ಸರ್ದಾರ್ ಸರೋವರಕ್ಕೆ ನೆಹರೂ ಅವರು ಅಡಿಗಲ್ಲಿಟ್ಟುದು ೧೯೬೧ರಲ್ಲಿ. ಅದು ಲೋಕಾರ್ಪಣೆಯಾದುದು ೨೦೧೭ರಲ್ಲಿ. ನಡುವೆ ಐವತ್ತಾರು ವರ್ಷ! ಈ ವಿಳಂಬಕ್ಕೆಲ್ಲ ನರ್ಮದಾ ಬಚಾವೋ ಆಂದೋಲನವೇ ಕಾರಣವೆಂದು ಹೇಳುವುದುಂಟು. ಲೆಕ್ಕ ಹಾಕಿ ನೋಡಿ: ರಾಜ್ಯಗಳು ನೀರಿನ ಪಾಲಿಗಾಗಿ ಜಗಳವಾಡಿ ನ್ಯಾಯಮಂಡಳಿಯ ತೀರ್ಪು ಬರುವ ಹೊತ್ತಿಗೇ ೧೯೭೯ ಆಗಿತ್ತು, ಅಂದರೆ ಮೊದಲ ಹದಿನೆಂಟು ವರ್ಷ ಕಳೆದುದು ಸರ್ಕಾರಗಳ ನಡುವಣ ವ್ಯಾಜ್ಯದಲ್ಲಿ, ಆಂದೋಲನವಿನ್ನೂ ಹುಟ್ಟಿಯೇ ಇರಲಿಲ್ಲ. ಮುಳುಗಡೆಯ ಹಳ್ಳಿಗಳ ಜನರಿಗೆ, "ನೀವು ಎಲ್ಲಿಗೆ ಹೋಗುವಿರಿ? ಯಾವ ನೆಲ ಕೊಟ್ಟರೆ ಬದುಕುವಿರಿ?" ಎಂದು ಮೊದಲೇ ಕೇಳಿ ಉತ್ತರ ಪಡೆದಿದ್ದರೆ ಅವರು ನ್ಯಾಯಾಲಯದ ಮೆಟ್ಟಿಲು ಹತ್ತುವ ಅವಶ್ಯಕತೆ ಎಷ್ಟು ಇರುತ್ತಿತ್ತು? ಚೀನ ಕೇಳದೆ ಕಟ್ಟಿತು. ನಾವು ಕಟ್ಟತೊಡಗಿದ ಮೇಲೆ ಕೇಳಿದೆವು. ಎರಡರಲ್ಲಿಯೂ ಬಡವನ ಮನೆ ಮುಳುಗಿತು. ನಮ್ಮದರಲ್ಲಿ ಕಾಲವೂ ಮುಳುಗಿತು.

ಹಾಗಾದರೆ ಮೊದಲೇ ಕೇಳಿ ಬೇಗನೆ ಕಟ್ಟುವುದು ಸಾಧ್ಯವೆ? ಸಾಧ್ಯವೆಂಬುದಕ್ಕೆ ನಮ್ಮ ಕರಾವಳಿಯಲ್ಲಿಯೇ ಸಾಕ್ಷಿಯಿದೆ. ಕೊಂಕಣ ರೈಲ್ವೆ ನಿಗಮ ಹುಟ್ಟಿದುದು ೧೯೯೦ರಲ್ಲಿ. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು ೭೪೦ ಕಿಲೋಮೀಟರು ದಾರಿ ಪೂರ್ತಿಯಾಗಿ ತೆರೆದುದು ೧೯೯೮ರ ಜನವರಿಯಲ್ಲಿ. ಸುಮಾರು ಎರಡು ಸಾವಿರ ಸೇತುವೆಗಳು, ತೊಂಬತ್ತಕ್ಕೂ ಮಿಕ್ಕ ಸುರಂಗಗಳು. ನೆಲ ಬಿಟ್ಟುಕೊಡಬೇಕಾದವರು ನಲವತ್ತು ಸಾವಿರಕ್ಕೂ ಹೆಚ್ಚು. ಇ. ಶ್ರೀಧರನ್ನರ ಕೈಕೆಳಗಿನ ಅಧಿಕಾರಿಗಳು ಜನರ ಬಳಿಗೆ ತಾವೇ ಹೋಗಿ ಮಾತನಾಡಿದರು. ಗೋವೆಯಲ್ಲಿ ಜನ ದಾರಿಯನ್ನು ಬದಲಿಸಿರೆಂದು ಎದ್ದುನಿಂತಾಗ ೧೯೯೩ರಲ್ಲಿ ಅಲ್ಲಿ ಕೆಲಸ ಕೆಲಕಾಲ ನಿಂತಿತು. ವಿಚಾರಣೆ ನಡೆದು ಮತ್ತೆ ಮುಂದುವರಿಯಿತು. ಇಷ್ಟೆಲ್ಲ ಆಗಿಯೂ ಎಂಟು ವರ್ಷ ತುಂಬಲಿಲ್ಲ. ಚುನಾವಣೆ, ಪತ್ರಿಕೆ, ನ್ಯಾಯಾಲಯ ಎಲ್ಲವೂ ಇರುವ ದೇಶದಲ್ಲಿಯೇ ಇದು ಆದುದು. ಆ ನಿಗಮದ ಕೈಯಲ್ಲಿ ನಿರ್ಧರಿಸುವ ಅಧಿಕಾರವಿದ್ದಿತು. ಸಾಲಪತ್ರಗಳಿಂದಲೂ ನಾಲ್ಕು ರಾಜ್ಯಗಳ ಪಾಲಿನಿಂದಲೂ ಹಣವಿದ್ದಿತು. ಹೊಣೆ ಯಾರದೆಂಬುದು ಎಲ್ಲರಿಗೂ ಗೊತ್ತಿದ್ದಿತು.

ಅದೇ ದಾರಿಯಲ್ಲಿ ೨೦೦೩ರ ಜೂನಿನಲ್ಲಿ ವೈಭವವಾಡಿಯ ಬಳಿ ಬಂಡೆಗಳುರುಳಿ ಗಾಡಿ ಹಳಿ ತಪ್ಪಿ ಐವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಆಮೇಲೆ ಗುಡ್ಡಗಳ ಮೈಗೆ ಬಲೆ ಹಾಸಿದರು. ಮಳೆಗಾಲ ಬಂದರೆ ಇಂದಿಗೂ ಅಲ್ಲಿ ಬೇರೆಯೇ ವೇಳಾಪಟ್ಟಿ. ಗಾಡಿಗಳು ನಿಧಾನವಾಗಿ ಹೋಗುತ್ತವೆ, ಹಳಿಯ ಗುಂಟ ಕಾವಲುಗಾರರು ರಾತ್ರಿಯೆಲ್ಲ ನಡೆಯುತ್ತಾರೆ. ಯೋಗವಾದ ಮೇಲೆ ಕ್ಷೇಮಕ್ಕೆ ಮಾಡುವ ಕೆಲಸವೆಂದರೆ ಇದು.

ಚೀನವೂ ಕಲಿಯಲಿಲ್ಲವೆಂದಲ್ಲ. ೨೦೧೧ರ ಜುಲೈ ೨೩ರಂದು ವೆಂಜೌ ಬಳಿ ಎರಡು ಅತಿವೇಗದ ಗಾಡಿಗಳು ಡಿಕ್ಕಿಯಾಗಿ ೪೦ ಜನ ಮಡಿದರು. ಬಿದ್ದ ಗಾಡಿಯ ಭಾಗಗಳನ್ನು ಅಲ್ಲಿಯೇ ಹೂಳತೊಡಗಿದರು. ಬದುಕಿರುವವರು ಇನ್ನಿಲ್ಲವೆಂದು ಹೇಳಿದ ಮೇಲೆ, ಅಪಘಾತವಾಗಿ ಇಪ್ಪತ್ತು ಗಂಟೆ ಕಳೆದ ಬಳಿಕ, ಎರಡು ವರ್ಷದ ಹೆಣ್ಣುಮಗುವೊಂದು ಡಬ್ಬಿಯೊಳಗೆ ಜೀವಂತವಾಗಿ ಸಿಕ್ಕಿತು. ಜನ ಕೆರಳಿದರು, ಅಂತರಜಾಲದಲ್ಲಿ ಲಕ್ಷ ಲಕ್ಷ ಮಂದಿ ಬರೆದರು, ಒಂದು ಗಳಿಗೆ ಆ ದೇಶದಲ್ಲಿಯೂ ಬಾಯಿ ತೆರೆಯಿತು. ಸರ್ಕಾರ ವಿಚಾರಣೆ ಮಾಡಿಸಿ, ಸಂಕೇತಯಂತ್ರದ ವಿನ್ಯಾಸದಲ್ಲಿಯೇ ದೋಷವಿದ್ದಿತೆಂದು ಒಪ್ಪಿಕೊಂಡಿತು. ಗಾಡಿಗಳ ವೇಗವನ್ನು ಇಳಿಸಿತು. ೨೦೧೩ರಲ್ಲಿ ರೈಲ್ವೆ ಮಂತ್ರಿಶಾಖೆಯನ್ನೇ ತೆಗೆದುಹಾಕಿತು. ಕೇಳಿಸಿಕೊಂಡಾಗ ಆ ಸರ್ಕಾರವೂ ತಿದ್ದಿಕೊಂಡಿತು. ಸಾವಿಗೆ ಮೊದಲೇ ಕೇಳಿಸಿಕೊಂಡಿದ್ದರೆ ಎಂಬುದಷ್ಟೇ ಉಳಿಯುವ ನೋವು.

ಕ್ಷೇಮದ ಮಾತು ಬಂದಾಗ ಕನ್ನಡಿಗರಾದ ನಾವು ದೂರ ಹೋಗಬೇಕಾಗಿಲ್ಲ. ೧೯೫೩ರಲ್ಲಿ ಮುಗಿದ ನಮ್ಮ ತುಂಗಭದ್ರಾ ಅಣೆಕಟ್ಟಿಗೆ ೩೩ ಗೇಟುಗಳು. ೨೦೨೪ರ ಆಗಸ್ಟ್ ೧೦ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿನಿಂತ ನೀರು ಬೆಳೆಗೆ ಮೊದಲೇ ಹರಿದುಹೋಗುವುದನ್ನು ಆ ಬಯಲಿನ ರೈತರು ನೋಡುತ್ತ ನಿಂತರು. ಹರಿಯುವ ನೀರಿನ ನಡುವೆಯೇ ಉಕ್ಕಿನ ಹಲಗೆಗಳನ್ನಿಳಿಸಿ ಒಂದು ವಾರದೊಳಗೆ ತಡೆಯಲು ಕನ್ನಯ್ಯ ನಾಯ್ಡುರವರಂತಹ ಹಳೆಯ ಅನುಭವಿಗಳೂ ಕೂಲಿಕಾರರೂ ಸೇರಿ ದುಡಿದರು. ಅವರಿಗೆ ನಾವು ಋಣಿಗಳು. ಆದರೆ ಎಪ್ಪತ್ತು ವರ್ಷ ದುಡಿದ ಸರಪಳಿ ಒಂದು ದಿನದಲ್ಲಿ ಸವೆಯುವುದಿಲ್ಲ. ಹೊಸ ಅಣೆಕಟ್ಟಿನ ಅಡಿಗಲ್ಲಿಗೆ ಮಂತ್ರಿಗಳು ಬರುತ್ತಾರೆ, ಹಾರ ಬರುತ್ತದೆ, ಬ್ಯಾಂಡು ಬರುತ್ತದೆ. ಹಳೆಯ ಗೇಟಿನ ಸರಪಳಿಗೆ ಎಣ್ಣೆ ಹಾಕುವವನಿಗೆ ಹಾರ ಹಾಕಿದುದನ್ನು ನೀವೆಂದಾದರೂ ಕಂಡಿದ್ದೀರಾ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪ್ರಶ್ನೆ ಕೇಳುವವರಿಂದ ನಮ್ಮ ಕೆಲಸಗಳು ನಿಂತಿಲ್ಲ. ಪ್ರಶ್ನೆಯನ್ನು ತಡವಾಗಿ ಕೇಳಿಸಿಕೊಂಡದ್ದರಿಂದ, ಉತ್ತರ ಹೇಳುವ ಹೊಣೆ ಯಾರದೆಂದು ಗೊತ್ತಿಲ್ಲದ್ದರಿಂದ, ಹಣ ಊರಿನವರೆಗೆ ಇಳಿಯದ್ದರಿಂದ ನಿಂತಿವೆ. ಚೀನದಿಂದ ನಾವು ಕಲಿಯಬೇಕಾದುದು ಅಕ್ಷರಕ್ಕೂ ಆರೋಗ್ಯಕ್ಕೂ ಅವರು ಕೊಟ್ಟ ಪ್ರಾಶಸ್ತ್ಯವನ್ನು, ಊರಿನ ಆಡಳಿತದ ಕೈಗೆ ಕೊಟ್ಟ ಹಣವನ್ನು, ಕೆಲಸಗಾರನಿಗೆ ಕಲಿಸಿದ ಶಿಸ್ತನ್ನು. ಕಲಿಯಬಾರದುದು ಆ ಅಡಿತೂಬಿಗೆ ಸುರಿದ ಕಾಂಕ್ರೀಟನ್ನು.

ರಾಜಸ್ಥಾನದ ಬಡ ಹಳ್ಳಿಗರು ೧೯೯೪ರಲ್ಲಿ ಬಯಲಿನಲ್ಲಿ ಸಭೆ ಸೇರಿ, ತಮ್ಮೂರಿನ ಕಾಮಗಾರಿಗಳ ಹಾಜರಿಪಟ್ಟಿಯನ್ನು ಗಟ್ಟಿಯಾಗಿ ಓದಿರೆಂದು ಕೇಳಿದರು. ಓದಿದಾಗ ಕೆಲಸಕ್ಕೇ ಬಾರದವರ ಹೆಸರಿನಲ್ಲಿ ಕೂಲಿ ಬರೆದುದು ಹೊರಬಿತ್ತು. ಆ ಬಯಲಿನಲ್ಲಿ ಮೊದಲಾದ ಪ್ರಶ್ನೆಯೇ ಬೆಳೆದು ೨೦೦೫ರಲ್ಲಿ ಮಾಹಿತಿ ಹಕ್ಕಿನ ಕಾಯಿದೆಯಾಯಿತು. ಹಲವರು ಓದುಬರಹವೂ ಬಾರದವರು. ದೇಶಕ್ಕೆಲ್ಲ ಒಂದು ಅಡಿತೂಬನ್ನು ತೆರೆದುಕೊಟ್ಟರು.

ನಿಮ್ಮೂರಿನಲ್ಲಿಯೂ ಈ ವರ್ಷ ಒಂದು ರಸ್ತೆಯೋ ಚರಂಡಿಯೋ ಶಾಲೆಯ ಕೊಠಡಿಯೋ ಆಗುತ್ತಿರಬಹುದು. ದಯವಿಟ್ಟು ಹೋಗಿ ನಿಂತು ನೋಡಿರಿ. ಇದರಿಂದ ನೆಲೆ ಕಳೆದುಕೊಳ್ಳುವವರನ್ನು ಮೊದಲೇ ಕೇಳಿದ್ದೀರಾ? ಇದರ ಲೆಕ್ಕ ಎಲ್ಲಿದೆ? ಹತ್ತು ವರ್ಷದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು, ಅದಕ್ಕೆ ಹಣವೆಲ್ಲಿದೆ? ಈ ಮೂರು ಪ್ರಶ್ನೆಗಳನ್ನು ಸೌಜನ್ಯದಿಂದ, ಆದರೆ ಉತ್ತರ ಬರುವವರೆಗೆ ಬಿಡದೆ ಕೇಳಿರಿ. ಹಾಗೆ ಕೇಳುವುದಕ್ಕೆ ನಮಗೆ ಅವಕಾಶವಿದೆ. ಹ್ವಾಂಗ್ ವಾನ್‌ಲಿ ಅವರಿಗೆ ಇರಲಿಲ್ಲ. ಇರುವ ಅವಕಾಶವನ್ನು ಬಳಸದೆ ತುಕ್ಕು ಹಿಡಿಸಿದರೆ ಆ ತಪ್ಪು ನಮ್ಮದೇ.

ನಿಮ್ಮ ಮನೆಯವರೆಲ್ಲರ, ನಿಮ್ಮೂರಿನ ಕೆರೆಕಟ್ಟೆ ದಾರಿ ಸೇತುವೆಗಳೆಲ್ಲದರ ಯೋಗಕ್ಷೇಮವನ್ನು ಕೋರಿ ಈ ಮಾತನ್ನು ಮುಗಿಸುತ್ತೇನೆ.